ಕತ್ತಿ ಮಸೀತಾ ಇದ್ನಡ

ನಮ್ಮ ಮನೆಯ ಜಗಲಿಯ ಕಂಬದಲ್ಲಿ ಒಂದು ಹಳೆಯ ಬೆಲ್ಟು ನೇತಾಡುತ್ತಿದೆ. ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಸೊಂಟವನ್ನು ನೋಡುತ್ತಾರೆ, ಕೊನೆಗೆ ಅಂಗಳದ ದಾಸವಾಳ ಚೆನ್ನಾಗಿ ಹೂ ಬಿಟ್ಟಿದೆ ಎಂದು ಬೇರೆ ಮಾತು ತೆಗೆಯುತ್ತಾರೆ. ಜೀವಮಾನವೆಲ್ಲ ಮಾಸ್ತರಿಕೆ ಮಾಡಿದವನ ಮನೆಯಲ್ಲಿ ಬೆಲ್ಟು ಕಂಬಕ್ಕೆ ನೇತುಬಿದ್ದಿದ್ದರೆ ಯಾಕೆಂದು ಕೇಳುವ ಧೈರ್ಯ ಯಾರಿಗೆ ಬರುತ್ತದೆ? ನೀವು ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ. ನಿವೃತ್ತ ಮಾಸ್ತರನ ಲಕ್ಷಣವೇ ಅದು.

ಬೆಲ್ಟು ನನ್ನದೇ. ಹುಬ್ಬಳ್ಳಿಗೆ ಹೋದಾಗ ಕೊಂಡದ್ದು. ಆಗ ನಡುವಿನ ತೂತಿಗೆ ಸರಿಯಾಗಿ ಕೂರುತ್ತಿತ್ತು. ಬರಬರುತ್ತ ಒಂದೊಂದೇ ತೂತು ಸರಿದು ಕಡೆಯ ತೂತಿಗೆ ಬಂತು. ಆಮೇಲೆ ನಾನೇ ಒಲೆಯಲ್ಲಿ ಮೊಳೆ ಕಾಯಿಸಿ ಇನ್ನೊಂದು ತೂತು ಹೊಡೆದೆ. ಅದೂ ಸಾಲದೆ ಮತ್ತೆ ಮೊಳೆ ಹುಡುಕುತ್ತಿದ್ದಾಗ ನನ್ನ ಹೆಂಡತಿ ಶಾರದೆ ನೋಡಿ, “ಇನ್ನು ತೂತು ಹೊಡೆಯಲೆ ಜಾಗ ಇಲ್ಲೆ. ಸುಮ್ಮಂಗೆ ಪಂಚೆ ಉಟ್ಗಳಿ” ಎಂದಳು. ಅಂದಿನಿಂದ ಪಂಚೆ ಉಟ್ಟೆ, ಬೆಲ್ಟು ಬಾಗಿಲ ಹಿಂದೆ ಸೇರಿತು.

ಅದು ಮತ್ತೆ ಹೊರಗೆ ಬಂದದ್ದು ಅಪ್ಪಯ್ಯನ ಕ್ಷೌರದ ಕತ್ತಿಯ ದೆಸೆಯಿಂದ. ಮನೆಗೆ ಬಣ್ಣ ಬಳಿಸಲೆಂದು ಅಟ್ಟದ ಟ್ರಂಕು ಇಳಿಸಿದಾಗ ತಳದಲ್ಲಿ, ಹಳೆಯ ಮಡಿಯ ತುಂಡಿನಲ್ಲಿ ಸುತ್ತಿಟ್ಟ ಕತ್ತಿ ಸಿಕ್ಕಿತು. ಕೊಂಬಿನ ಹಿಡಿಕೆಯೊಳಕ್ಕೆ ಮಡಚಿಕೊಳ್ಳುವಂಥದ್ದು. ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಿಟ್ಟರೆ ಗಟ್ಟಿಮುಟ್ಟಾಗಿತ್ತು. ಬಿಡಿಸಿ ಹಿಡಿದ ಕೂಡಲೇ ಒಂದು ಸದ್ದು ಕಿವಿಗೆ ಬಂತು. ಸಪ್, ಸಪ್, ಸಪ್.

ಅಪ್ಪಯ್ಯ ಕ್ಷೌರಕ್ಕೆ ಕೂರುವ ಮೊದಲು ಜಗಲಿಯ ಮೊಳೆಗೆ ತೂಗುಬಿಟ್ಟ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಮೇಲೆ ಕೆಳಗೆ ಎಳೆಯುತ್ತಿದ್ದ ಸದ್ದು ಅದು. ಕಲ್ಲಿನ ಮೇಲೆ ಮಸೆದರೆ ಕತ್ತಿಯ ಅಲಗಿಗೆ ಹರಿತದ ಬಾಯಿ ಬರುತ್ತದೆ, ಪಟ್ಟಿಯ ಮೇಲೆ ಎಳೆದರೆ ಆ ಬಾಯಿ ನುಣುಪಾಗುತ್ತದೆ. ಇಲ್ಲದಿದ್ದರೆ ಗಡ್ಡದ ಜೊತೆಗೆ ಕೆನ್ನೆಯೂ ಬರುತ್ತದೆ. ಅಪ್ಪಯ್ಯ ಮೂಗನ್ನು ಒಂದು ಕಡೆ ತಿರುಚಿ, ತುಟಿಯನ್ನು ಇನ್ನೊಂದು ಕಡೆ ಎಳೆದು ಬೋಳಿಸಿಕೊಳ್ಳುವಾಗ ನಾವು ಮಕ್ಕಳು ನಗಬಾರದಿತ್ತು. ನಕ್ಕರೆ ಅಪ್ಪಯ್ಯನಿಗೂ ನಗು ಬಂದು ಗಾಯವಾಗುತ್ತಿತ್ತು. ಆಮೇಲೆ ಪಟಿಕದ ಕಲ್ಲು ಉಜ್ಜಿಕೊಂಡು ನಮ್ಮನ್ನು ಬೈಯುತ್ತಿದ್ದ.

ಆ ಪಟ್ಟಿಗೆ ಮನೆಯೊಳಗೆ ಪ್ರವೇಶ ಇರಲಿಲ್ಲ. ಆಯಿಯ, ಅಂದರೆ ಅಮ್ಮನ, ಕಟ್ಟಪ್ಪಣೆ. ಚರ್ಮ ಎಂದರೆ ಮೈಲಿಗೆ, ಹೊಸಿಲು ದಾಟಕೂಡದು. ಆದರೆ ಅಪ್ಪಯ್ಯ ದೇವರ ಮುಂದೆ ಕೂರುತ್ತಿದ್ದದ್ದು ಜಿಂಕೆಯ ಚರ್ಮದ ಮೇಲೆ. ಒಂದು ದಿನ ನಾನು, “ಆಯಿ, ಅದೂ ಚರ್ಮವೇ ಅಲ್ದಾ?” ಎಂದು ಕೇಳಿದೆ. ಆಯಿ ದೋಸೆ ಮಗುಚುತ್ತ, “ಅದು ಚರ್ಮ ಅಲ್ದೋ, ಕೃಷ್ಣಾಜಿನ” ಎಂದಳು. ಸಂಸ್ಕೃತದ ಹೆಸರು ಇಟ್ಟುಬಿಟ್ಟರೆ ಮೈಲಿಗೆ ತಗಲುವುದಿಲ್ಲ ಎಂದು ನಾನು ಅವತ್ತು ತಿಳಿದುಕೊಂಡೆ. ನನ್ನ ಬೆಲ್ಟಿಗೆ ಅಂಥ ಹೆಸರು ಇಲ್ಲದ್ದರಿಂದಲೇ ಅದು ಇವತ್ತು ಜಗಲಿಯಲ್ಲಿದೆ.

ಅಪ್ಪಯ್ಯನ ಪಟ್ಟಿಯನ್ನು ಇಲಿ ಎಂದೋ ತಿಂದು ಮುಗಿಸಿತ್ತು. ಕತ್ತಿ ಇದೆ, ಪಟ್ಟಿ ಇಲ್ಲ. ನಾನೇ ಒಂದು ಮಾಡಿಕೊಂಡರೆ ಹೇಗೆ ಎಂದು ಯೋಚಿಸಿದೆ.

ಇಲ್ಲಿ ನೀವು ಕೇಳಬಹುದು, ಯಲ್ಲಾಪುರದ ಪೇಟೆಯಲ್ಲಿ ಸಲೂನು ಇಲ್ಲವೇ ಎಂದು. ಇದೆ, ಬೇಕಾದಷ್ಟು ಇವೆ. ನನ್ನ ಕಷ್ಟ ಬೇರೆ. ಸಲೂನಿಗೆ ಹೋದರೆ ಅಲ್ಲಿ ಗೋಪಾಲ ಬಂದಿದ್ದರೆ?

ಗೋಪಾಲ ಪಕ್ಕದ ಮನೆಯವ. ಕನ್ನಡ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು ನಾವು. ಅವನು ಟಿಂಬರ್ ಡಿಪೋದಲ್ಲಿ ಗುಮಾಸ್ತನಾಗಿ ಮರದ ತುಂಡುಗಳಿಗೆ ನಂಬರು ಬರೆದ, ನಾನು ಹೈಸ್ಕೂಲಿನಲ್ಲಿ ಹುಡುಗರಿಗೆ ನಂಬರು ಕೊಟ್ಟೆ. ನಿವೃತ್ತರಾದ ಮೇಲೆ ಎರಡು ಮನೆಗೂ ಸೇರಿ ಒಂದೇ ಪೇಪರು. ಮೊದಲು ಅವನು ಓದಿ, ಕಾಂಪೌಂಡಿನ ಗೋಡೆಯ ಮೇಲಿಂದ ನನಗೆ ದಾಟಿಸುತ್ತಿದ್ದ. ದಾಟಿಸುವಾಗ ಅದರಲ್ಲಿ ಇರುವುದೆಲ್ಲವನ್ನೂ ಬಾಯಲ್ಲೇ ಹೇಳಿಬಿಡುತ್ತಿದ್ದ. ಹಾಗಾಗಿ ನಾನು ಓದುವುದಕ್ಕೆ ಬರೀ ಜಾಹೀರಾತು ಉಳಿಯುತ್ತಿತ್ತು. ಭಾನುವಾರ ಇಬ್ಬರೂ ಕೂಡಿ ಸಲೂನಿಗೆ ಹೋಗಿ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಊರಿನ ಸುದ್ದಿ ಮಾತಾಡಿ ಬರುತ್ತಿದ್ದೆವು.

ಇದೆಲ್ಲ ನಿಂತದ್ದು ಒಂದು ಹಲಸಿನ ಟೊಂಗೆಯಿಂದ. ನಮ್ಮ ಮರದ ಟೊಂಗೆ ಅವನ ಹಂಚಿನ ಮಾಡಿನ ಮೇಲೆ ಬಾಗಿತ್ತು. ನಾವು ಮದುವೆಯೆಂದು ಸಿರ್ಸಿಗೆ ಹೋಗಿದ್ದ ದಿನ ಅವನು ಆಳು ಕರೆಸಿ ಅದನ್ನು ಕಡಿಸಿದ. ನಾವು ಬಂದಾಗ ಎಳೆಯ ಕಾಯಿಗಳನ್ನೆಲ್ಲ ಒಪ್ಪವಾಗಿ ನಮ್ಮ ಗೋಡೆಯ ಮೇಲೆ ಜೋಡಿಸಿಟ್ಟಿದ್ದ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

“ಕಡಿಯಕ್ಕಿಂತ ಮೊದ್ಲು ಒಂದು ಮಾತು ಕೇಳವಾಗಿತ್ತು” ಎಂದೆ.

“ಹಂಚು ಒಡೆದ ಮೇಲೆ ಕೇಳವಾಗಿತ್ತಾ? ಒಂದು ಟೊಂಗೆಗೆ ಫಾರೆಸ್ಟಿನವ್ವೂ ಇಷ್ಟು ವಿಚಾರಣೆ ಮಾಡ್ತ್ವಿಲ್ಲೆ” ಎಂದ.

“ಜನ್ಮವೆಲ್ಲ ಡಿಪೋದಲ್ಲಿದ್ದವಂಗೆ ಮರ ಕಂಡ್ರೆ ತುಂಡೇ ಕಾಣ್ತು” ಎಂದೆ. ಅವನು, “ಮಾಸ್ತರಂಗೆ ಎಲ್ಲರೂ ಹುಡುಗ್ರೇ ಕಾಣ್ತ” ಎಂದ. ಅಷ್ಟೇ. ಅವನು ಒಳಗೆ ಹೋದ, ನಾನೂ ಒಳಗೆ ಬಂದೆ. ಶಾರದೆ ಆ ಎಳೆಯ ಕಾಯಿಯದೇ ಹುಳಿ ಮಾಡಿದಳು. ನಾನು ಸಿಟ್ಟಿನಲ್ಲೇ ಎರಡನೆಯ ಸಲ ಬಡಿಸಿಕೊಂಡೆ.

ಮಾರನೆಯ ದಿನ ಪೇಪರು ಗೋಡೆ ದಾಟಲಿಲ್ಲ. ನಾನು ಪೇಪರಿನ ಹುಡುಗನಿಗೆ ಹೇಳಿ ನಮ್ಮ ಮನೆಗೇ ಬೇರೆ ತರಿಸಿದೆ. ಪೂರ್ತಿ ಪೇಪರು ಕೈಯಲ್ಲಿದ್ದರೂ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಓದಿದ್ದನ್ನು ಹೇಳಲು ಯಾರೂ ಇರಲಿಲ್ಲ. ಶಾರದೆಗೂ ಗೋಪಾಲನ ಹೆಂಡತಿ ಸಾವಿತ್ರಿಗೂ ಮಾತ್ರ ಈ ಜಗಳದ ಸುದ್ದಿಯೇ ಗೊತ್ತಿಲ್ಲದ ಹಾಗೆ, ಗೋಡೆಯ ಮೇಲಿಂದ ಕರಿಬೇವೂ ಮಜ್ಜಿಗೆಯೂ ಓಡಾಡುತ್ತಿದ್ದವು. ಗಂಡಸರ ಮರ್ಯಾದೆಗೆ ಮಾತ್ರ ಗೋಡೆ ಎತ್ತರವಾಗಿತ್ತು. ನನಗೆ ಗೋಪಾಲ ಬೇಕಿತ್ತು. ಆದರೆ ಮೊದಲು ಮಾತಾಡುವುದು ಅವನು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವನೂ ಅದೇ ತೀರ್ಮಾನ ಮಾಡಿದ್ದ ಎಂದು ಬೇರೆ ಹೇಳಬೇಕಿಲ್ಲವಲ್ಲ.

ಹೀಗಿರುವಾಗ ನಾಣಣ್ಣ ಬಂದ. ನಾಣಣ್ಣ ದಿನಾ ಬೆಳಿಗ್ಗೆ ದೇವರಿಗೆಂದು ನಮ್ಮ ಬೀದಿಯ ಮನೆಮನೆಯ ಅಂಗಳದಲ್ಲಿ ಹೂ ಕೊಯ್ಯುವವ. ಒಂದು ಮನೆಯ ಹೂ ಬುಟ್ಟಿಗೆ ಹಾಕಿಕೊಂಡು, ಹಿಂದಿನ ಮನೆಯ ಸುದ್ದಿಯನ್ನು ಬುಟ್ಟಿಯಿಂದ ತೆಗೆದು ಇಟ್ಟು ಹೋಗುತ್ತಾನೆ. ಅವತ್ತು ದಾಸವಾಳಕ್ಕೆ ಕೈ ಹಾಕಿದವ ದನಿ ತಗ್ಗಿಸಿ, “ಎಂಗೆಂತಕ್ಕೆ ಬೇಕು ಆ ಸುದ್ದಿ. ಗೋಪಾಲ ನಿನ್ನ ಮೇಲೆ ಕತ್ತಿ ಮಸೀತಾ ಇದ್ನಡ” ಎಂದ.

ನಮ್ಮ ಕಡೆಯ ಈ ‘ಅಡ’ದ ಮಹಿಮೆ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ನಿಮ್ಮ ‘ಅಂತೆ’ಯೇ ನಮ್ಮ ‘ಅಡ’. ಬಂದ ಎಂದರೆ ಬಂದದ್ದಕ್ಕೆ ಹೇಳಿದವ ಜವಾಬ್ದಾರ. ಬಂದ್ನಡ ಎಂದರೆ ಯಾರೂ ಜವಾಬ್ದಾರರಲ್ಲ. ಎಂಥ ಸುದ್ದಿಯನ್ನಾದರೂ ಹೇಳಿ, ಬಾಲಕ್ಕೊಂದು ‘ಅಡ’ ಕಟ್ಟಿ ಬಿಟ್ಟರೆ ಅದು ತನ್ನ ಪಾಡಿಗೆ ಊರು ಸುತ್ತಿಕೊಂಡು ಬರುತ್ತದೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ಜಗಳಗಳಲ್ಲಿ ಅರ್ಧಕ್ಕರ್ಧ ಈ ಎರಡಕ್ಷರದ ಮೇಲೆಯೇ ನಿಂತಿವೆ ಎಂದು ನನ್ನ ಅಂದಾಜು. ಆದರೂ ಅವತ್ತು ನನಗೆ ‘ಅಡ’ ಕೇಳಿಸಲಿಲ್ಲ, ಕತ್ತಿ ಮಾತ್ರ ಕೇಳಿಸಿತು. ಮಸೆಯಲಿ, ನನಗೇನು ಎಂದುಕೊಂಡೆ. ರಾತ್ರಿ ಊಟ ಸೇರಲಿಲ್ಲ.

ಇನ್ನು ಸಲೂನಿನ ಮಾತೇ ಇಲ್ಲವಲ್ಲ. ಮನೆಯಲ್ಲೇ ಬ್ಲೇಡಿನಲ್ಲಿ ಕೆರೆದುಕೊಂಡರೆ ನನ್ನ ಕುತ್ತಿಗೆಗೆ ಗುಳ್ಳೆ ಏಳುತ್ತದೆ. ಹಾಗಾಗಿ ಅಪ್ಪಯ್ಯನ ಕತ್ತಿ, ಹಾಗಾಗಿ ಪಟ್ಟಿ. ಸುತ್ತಿ ಬಳಸಿ ಅಲ್ಲಿಗೇ ಬಂದೆವು.

ಪಟ್ಟಿ ಮಾಡುವುದನ್ನು ಮೊಬೈಲಿನಲ್ಲಿ ಒಬ್ಬ ಪರದೇಶದವ ತೋರಿಸಿಕೊಡುತ್ತಿದ್ದ. ಅವನ ಮೇಜಿನ ಮೇಲೆ ಇದ್ದ ಒಂದು ಸಾಮಾನೂ ನಮ್ಮ ಪೇಟೆಯಲ್ಲಿ ಸಿಗುವಂಥದ್ದಲ್ಲ. ನನ್ನ ಬಳಿ ಇದ್ದದ್ದು ಎರಡು ಬೆಲ್ಟು. ಕಂದು ಬಣ್ಣದ್ದು ಅಗಲವಾಗಿ ನೋಡಲು ಚಂದ ಇತ್ತು, ಅದನ್ನೇ ತೆಗೆದುಕೊಂಡು ಹೈವೇ ಬದಿಯ ಇಸ್ಮಾಯಿಲ್ ಸಾಬರ ಅಂಗಡಿಗೆ ಹೋದೆ. ಲಾರಿಯ ಸೀಟು ಹೊಲಿಯುವ ಅಂಗಡಿ ಅದು. ಅವರ ಮಗ ನನ್ನ ಶಿಷ್ಯ, ಹಾಗಾಗಿ ನನಗೆ ಯಾವಾಗಲೂ ಒಂದು ಚಹಾ ಇದ್ದೇ ಇರುತ್ತದೆ. ಸಾಬರು ಬೆಲ್ಟನ್ನು ಮಗುಚಿ, ಅಂಚನ್ನು ಉಗುರಿನಲ್ಲಿ ಕೆದಕಿದರು. ಸಿಪ್ಪೆ ಎದ್ದಿತು.

“ಮಾಸ್ತರ್ರೆ, ಇದು ರೆಕ್ಸಿನ್ನು. ಒಳಗೆ ಬರೀ ರಟ್ಟು.”

“ಅಂಗಡಿಯವ ಅಸಲಿ ಚರ್ಮ ಅಂತ ಆಣೆ ಮಾಡಿದ್ನಲ್ರೀ.”

“ಆಣೆ ಅಸಲಿ ಇದ್ದೀತು” ಎಂದು ನಕ್ಕು ಸಾಬರು ಚಹಾ ಮುಂದೆ ಸರಿಸಿದರು. ನುಣ್ಣಗೆ ಬೋಳಿಸುವುದಕ್ಕೆ ಎಲ್ಲರಿಗೂ ಕತ್ತಿಯೇ ಬೇಕೆಂದಿಲ್ಲ. ಸಂಜೆ ಬಾಗಿಲ ಹಿಂದಿನ ಆ ಹುಬ್ಬಳ್ಳಿಯ ಕರಿಯ ಬೆಲ್ಟು ಒಯ್ದೆ. ಅದರ ಹಿಂಬದಿ ಜೂಲು ಜೂಲಾಗಿತ್ತು, ಮೂಸಿದರೆ ಚರ್ಮದ ವಾಸನೆ. ಸಾಬರು ತಲೆಯಾಡಿಸಿ, ತೂತುಗಳಿದ್ದ ಕಡೆಯನ್ನು ನೇರವಾಗಿ ಕತ್ತರಿಸಿ, ಆ ತುದಿಗೆ ಹಿಡಿದೆಳೆಯಲು ದಪ್ಪ ಕ್ಯಾನ್ವಾಸಿನ ತುಂಡು ಹೊಲಿದು ಕೊಟ್ಟರು. ಬಕ್ಕಲು ಹಾಗೇ ಇರಲಿ, ಮೊಳೆಗೆ ಸಿಕ್ಕಿಸಲು ಆಗುತ್ತದೆ ಎಂದರು. ನನ್ನ ಹೊಟ್ಟೆಯ ಚರಿತ್ರೆಯೆಲ್ಲ ಅವರ ಕತ್ತರಿಗೆ ಬಿದ್ದು ಕಸ ಸೇರಿತು.

ಉಳಿದ ಕೆಲಸ ಮನೆಯಲ್ಲಿ. ಬೆಲ್ಟಿನ ಮೇಲಿನ ಪಾಲಿಶ್ ಹೋಗುವ ತನಕ ನಯವಾದ ಮರಳು ಕಾಗದದಿಂದ ಉಜ್ಜಿದೆ. ಪಾಲಿಶ್ ಇದ್ದರೆ ಕತ್ತಿ ಜಾರುತ್ತದೆ, ಹಿಡಿತ ಇರುವುದಿಲ್ಲ. ಉಜ್ಜಿದ ಮೇಲೆ ಚರ್ಮ ಒಣಕಲಾಯಿತು. ಪರದೇಶದವ ಅದಕ್ಕೆ ಏನೋ ಒಂದು ಎಣ್ಣೆ ಹಚ್ಚುತ್ತಿದ್ದ. ತಲೆಗೆ, ಬಾಗಿಲ ಬಿಜಾಗರಿಗೆ, ಒಗ್ಗರಣೆಗೆ ಎಲ್ಲಕ್ಕೂ ತೆಂಗಿನೆಣ್ಣೆಯನ್ನೇ ಬಳಸುವ ಮನೆ ನಮ್ಮದು. ಬೆಲ್ಟಿಗೂ ಅದನ್ನೇ ಸುರಿದೆ. ಬೆಳಿಗ್ಗೆ ನೋಡಿದರೆ ಬೆಲ್ಟಿನ ಮೇಲೆ ಇರುವೆಯ ಮೆರವಣಿಗೆ, ಚರ್ಮ ನೆನೆದ ಹಪ್ಪಳದ ಹಾಗೆ ಮೆತ್ತಗೆ.

ಶಾರದೆ ಬಾಗಿಲಲ್ಲಿ ನಿಂತು, “ಚರ್ಮ ಒಳಗೆ ಮಾತ್ರ ತರಡಿ” ಎಂದು ಆಯಿಯ ಅಪ್ಪಣೆಯನ್ನು ನೆನಪು ಮಾಡಿದಳು. ಸ್ವಲ್ಪ ಹೊತ್ತು ನೋಡಿ, “ಒಡೆದ ಹಿಮ್ಮಡಿಗೆ ಹಚ್ಚ ಮುರುಗಲ ತುಪ್ಪ ಇದ್ದು. ಅದೂ ಚರ್ಮಕ್ಕೇ ಅಲ್ದಾ ಹಚ್ಚದು?” ಎಂದಳು. ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಹೀರಿಸಿ, ಬಿಸಿಲಿನಲ್ಲಿ ಒಣಗಿಸಿ, ಮುರುಗಲ ತುಪ್ಪವನ್ನು ಅಂಗೈಯಲ್ಲಿ ಕರಗಿಸಿ ತೆಳ್ಳಗೆ ಸವರಿದೆ. ಚರ್ಮ ಹದಕ್ಕೆ ಬಂತು. ಬೆರಳಿನಿಂದ ಒತ್ತಿದರೆ ತುಸು ಬಗ್ಗಿ ಮತ್ತೆ ನೆಟ್ಟಗಾಗುತ್ತಿತ್ತು. ಆ ಸಂತೋಷಕ್ಕೆ ನನ್ನ ಹಿಮ್ಮಡಿಗೂ ಸ್ವಲ್ಪ ಹಚ್ಚಿಕೊಂಡೆ.

ಕತ್ತಿಗೆ ಮೊದಲು ಬಾಯಿ ಬರಿಸಲು ನಯವಾದ ಕಲ್ಲು ಬೇಕಿತ್ತು. ದೇವರ ಕೋಣೆಯ ಗಂಧ ತೇಯುವ ಸಾಣೆಕಲ್ಲಿನ ಮೇಲೆ ನನ್ನ ಕಣ್ಣು ಬಿದ್ದದ್ದು ನಿಜ. ನನ್ನ ಕಣ್ಣು ಎಲ್ಲಿ ಬಿದ್ದಿದೆ ಎಂದು ಶಾರದೆಗೆ ಗೊತ್ತಾದದ್ದೂ ನಿಜ. ಪೇಟೆಯಿಂದ ಬೇರೆ ಕಲ್ಲು ತಂದೆ.

ಆಮೇಲೆ ಮಾಡಿದ್ದು ನಮ್ಮ ಕಡೆಯವರೇ ಮಾಡುವ ತಪ್ಪು. ಅಡಿಕೆ ಸೀಮೆಯಲ್ಲಿ ಹುಟ್ಟಿದವನ ಕೈಗೆ ಕತ್ತಿ ಕೊಟ್ಟರೆ ಅವನು ಬಾಯಿಯನ್ನೇ ಮುಂದು ಮಾಡಿ ತಳ್ಳುತ್ತಾನೆ. ಕಲ್ಲಿನ ಮೇಲೆ ನಮ್ಮ ರೂಢಿಯೇ ಹಾಗೆ. ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ಬಂದ ಮೇಲೆ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ ವಾಪಸು ಎಳೆಯಬೇಕು. ಇಲ್ಲಿ ಮುಂದೆ ಹೋದವ ಕೆಡಿಸುತ್ತಾನೆ, ಹಿಂದೆ ಸರಿದವ ಹರಿತ ಮಾಡುತ್ತಾನೆ. ನಾನು ಮೊದಲ ಎಳೆತಕ್ಕೇ ಬಾಯಿ ಮುಂದಿಟ್ಟು ತಳ್ಳಿದೆ. ಪಟ್ಟಿಯಿಂದ ಬಾಳೆಕಾಯಿ ಚಿಪ್ಸಿನಂಥ ಒಂದು ಹೋಳು ಎದ್ದು ಕಾಲ ಬಳಿ ಬಿತ್ತು. ಆ ಗಾಯ ಈಗಲೂ ಇದೆ, ಬಂದರೆ ತೋರಿಸುತ್ತೇನೆ.

ಕಲಿಯುವುದಕ್ಕೆ ಕೆಲವು ದಿನ ಹಿಡಿಯಿತು. ಬೆಲ್ಟು ಅಗಲ ಸಾಲದ್ದರಿಂದ ಕತ್ತಿಯನ್ನು ಓರೆಯಾಗಿ ಎಳೆಯಬೇಕು, ಇಲ್ಲವಾದರೆ ತುದಿಗೆ ಪಟ್ಟಿ ತಾಗುವುದಿಲ್ಲ. ಪಟ್ಟಿಯನ್ನು ಬಿಗಿಯಾಗಿ ಹಿಡಿಯಬೇಕು, ಕತ್ತಿಯನ್ನು ಸಡಿಲವಾಗಿ ಹಿಡಿಯಬೇಕು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಅಪ್ಪಯ್ಯನ ಸದ್ದು ಬಂತು. ಸಪ್, ಸಪ್, ಸಪ್. ನನ್ನ ಕೈಯಿಂದಲೇ ಬಂದದ್ದು. ಸುಳ್ಳು ಯಾಕೆ ಹೇಳಲಿ, ಕಣ್ಣು ಒದ್ದೆಯಾಯಿತು. ಅದೇ ಹೊತ್ತಿಗೆ ಗೇಟಿನ ಹತ್ತಿರ ನಾಣಣ್ಣ ಹೂವಿನ ಬುಟ್ಟಿ ಹಿಡಿದು ನಿಂತಿದ್ದ. ಕಣ್ಣೀರು ಹಾಕಿಕೊಂಡು ಕತ್ತಿ ಮಸೆಯುತ್ತಿರುವ ಮನುಷ್ಯನನ್ನು ಅವನು ಆ ಮೊದಲು ನೋಡಿರಲಿಕ್ಕಿಲ್ಲ. ಹೂ ಕೊಯ್ಯದೆ ನೇರವಾಗಿ ಪಕ್ಕದ ಮನೆಗೆ ಹೋದ.

ಅವನು ಅಲ್ಲಿ ಹೇಳಿದ್ದನ್ನು ಸಾವಿತ್ರಿ ಗೋಡೆಯ ಮೇಲಿಂದ ಶಾರದೆಗೆ ಹೇಳಿದಳು, ಶಾರದೆ ನನಗೆ ಹೇಳಿದಳು: “ಆನೇ ಕಣ್ಣಾರೆ ನೋಡ್ದೆ. ಮಾಸ್ತರ ಜಗಲಿ ಮೇಲೆ ನಿಂತ್ಕಂಡು ಕತ್ತಿ ಮಸೀತಾ ಇದ್ದ.” ಈ ಸಲ ನಾಣಣ್ಣ ‘ಅಡ’ ಕೈಬಿಟ್ಟಿದ್ದ. ಜೀವನದಲ್ಲಿ ಮೊದಲ ಬಾರಿಗೆ ಅವನು ಪೂರ್ತಿ ನಿಜವನ್ನೇ ಹೇಳಿದ್ದ, ಅದರಿಂದಲೇ ಅನಾಹುತವಾಯಿತು.

ಗೋಪಾಲನ ಮನೆಯ, ನಮ್ಮ ಜಗಲಿಯ ಕಡೆಗಿನ ಕಿಟಕಿ ಅವತ್ತೇ ಮುಚ್ಚಿತು. ಜಗಳವಾಡಿದ ಮೇಲೂ ಆ ಕಿಟಕಿ ತೆರೆದೇ ಇರುತ್ತಿತ್ತು. ಅವನು ಕೆಮ್ಮುವುದು, ಸಾವಿತ್ರಿಯ ಹತ್ತಿರ ಕನ್ನಡ್ಕ ಎಲ್ಲಿ ಎಂದು ಕೇಳುವುದು ನನಗೆ ಕೇಳಿಸುತ್ತಿತ್ತು. ಈಗ ಅದೂ ಇಲ್ಲ. ಟೊಂಗೆ ಕಡಿದಾಗ ಆಗದ ದುಃಖ ಆ ಕಿಟಕಿ ಮುಚ್ಚಿದಾಗ ಆಯಿತು. ಹೋಗಿ ವಿಷಯ ಹೇಳಿಬಿಡೋಣ ಎಂದು ಗೇಟಿನವರೆಗೆ ಹೋದೆ, ಕೈಯಲ್ಲಿ ಕತ್ತಿ ಇರುವುದು ನೋಡಿಕೊಂಡು ತಿರುಗಿ ಬಂದೆ. ಕತ್ತಿ ಇಟ್ಟ ಮೇಲೆ ಧೈರ್ಯವನ್ನೂ ಅದರ ಜೊತೆಗೇ ಇಟ್ಟುಬಿಟ್ಟೆ.

ಸೋಮವಾರ ಬೆಳಿಗ್ಗೆ ಪಟ್ಟಿಯ ಮುಂದೆ ನಿಂತಿದ್ದೆ. ಗೇಟು ಕಿರ್ರೆಂದಿತು. ನಾಣಣ್ಣ ಇರಬೇಕೆಂದು ನೋಡಿದರೆ ಗೋಪಾಲ. ಮುಖದ ತುಂಬ ಬಿಳಿಯ ಗಡ್ಡ ಪೊದೆಯಾಗಿ ಬೆಳೆದಿತ್ತು. ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲೇ ನಿಂತ.

“ಎಂತದೋ ಅದು?”

“ಬೆಲ್ಟು.”

“ಅದು ಎಂಗೂ ಕಾಣ್ತು. ಕತ್ತಿ ಎಂತಕ್ಕೆ ಮಸೀತಾ ಇದ್ಯೋ?”

“ಗಡ್ಡ ಬೋಳಿಸ್ಕಳಲೆ.”

“ಸಲೂನಿಗೆ ಎಂತಾಗಿದ್ದು?”

ನಾನು ಕತ್ತಿ ಮಡಚಿದೆ. ಆಮೇಲೆ, “ಅಲ್ಲಿಗೆ ನೀನು ಬತ್ತೆ ಹೇಳಿ ಆನು ಹೋಗ್ತಿಲ್ಲೆ” ಎಂದೆ.

ಗೋಪಾಲ ತನ್ನ ಗಡ್ಡ ಕೆರೆದುಕೊಂಡ. “ಆನೂ ಹೋಗ್ತಿಲ್ಲೆ. ನೀನು ಬತ್ತೆ ಹೇಳಿ.”

ಇಬ್ಬರೂ ಬೆಲ್ಟನ್ನೇ ನೋಡಿದೆವು.

“ನೀನು ಎನ್ನ ಮೇಲೆ ಕತ್ತಿ ಮಸೀತಾ ಇದ್ದೆ ಹೇಳಿ ನಾಣಣ್ಣ ಮೊದ್ಲೇ ಹೇಳಿದ್ದ” ಎಂದೆ.

“ಆನಾ? ಎಂಗಳ ಮನೇಲಿ ಮಸೆದ ಕತ್ತಿ ಇದ್ದಿದ್ರೆ ಸಾವಿತ್ರಿ ಹಲಸಿನಕಾಯಿ ಕೊಚ್ಚಲೆ ನಿಮ್ಮನೆಗೆ ಎಂತಕ್ಕೆ ಬತ್ತಿತ್ತು?” ಎನ್ನುತ್ತ ಗೋಪಾಲ ಮೆಟ್ಟಿಲು ಹತ್ತಿ ಬಂದ. ಪಟ್ಟಿಯ ಮೇಲೆ ಬೆರಳಾಡಿಸಿದ, ನಾನು ಹೋಳು ಎಬ್ಬಿಸಿದ್ದ ಜಾಗ ಸಿಕ್ಕಿತು, ನಗು ತಡೆದುಕೊಂಡ. ಮೂಲೆಯ ಸ್ಟೂಲು ಎಳೆದು ಕೂತ.

“ಬೋಳ್ಸು ನೋಡನ.”

“ಎಂಗೆ ಬೇರೆಯವ್ವಕ್ಕೆ ಬೋಳ್ಸಿ ರೂಢಿ ಇಲ್ಲೆ ಮಾರಾಯ.”

“ಮತ್ತೆ ಇಷ್ಟು ದಿನ ಮಸೆದಿದ್ದು ಯಾರಿಗೆ?” ಎಂದವನೇ ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಕುತ್ತಿಗೆ ಒಡ್ಡಿ ಕೂತುಬಿಟ್ಟ.

ಸಾಬೂನಿನ ನೊರೆ ಹಚ್ಚಿ, ಅಪ್ಪಯ್ಯ ಮಾಡುತ್ತಿದ್ದ ಹಾಗೆ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು ಎಡಗೆನ್ನೆಯಿಂದ ಸುರು ಮಾಡಿದೆ. ಕತ್ತಿ ಸರಾಗವಾಗಿ ಇಳಿಯಿತು. ಬೆಲ್ಟು ಕೆಲಸ ಮಾಡಿತ್ತು. ದವಡೆಯ ಅಂಚಿಗೆ ಬಂದಾಗ ಗೇಟಿನಲ್ಲಿ ನಾಣಣ್ಣ ಕಂಡ. ನನ್ನ ಕೈಯಲ್ಲಿ ಕತ್ತಿ, ಕತ್ತಿಯ ಕೆಳಗೆ ಗೋಪಾಲನ ಕುತ್ತಿಗೆ. ನಾಣಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

ಗೋಪಾಲ ಒಂದು ಕಣ್ಣು ಬಿಟ್ಟು, ನೊರೆಯ ಒಳಗಿನಿಂದಲೇ, “ಸಮಾ ನೋಡ್ಕ ನಾಣಣ್ಣ. ಹೇಳ್ವಾಗ ‘ಅಡ’ ಸೇರಿಸಡ, ಬಿಟ್ಟೇ ಹೇಳು” ಎಂದ.

ನನಗೆ ನಗು ತಡೆಯಲಾಗಲಿಲ್ಲ, ಅವನಿಗೂ. ನಕ್ಕರೆ ಗಾಯವಾಗುತ್ತದೆ ಎಂದು ಗೊತ್ತಿದ್ದದ್ದರಿಂದ ಕತ್ತಿ ಹಿಂದೆ ತೆಗೆದೆ. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದಕ್ಕೆ ಕೈ ನಿಲ್ಲುತ್ತಿರಲಿಲ್ಲ.

“ಕೈ ನಡುಗ್ತು ಗೋಪಾಲ. ಇವತ್ತು ಇಷ್ಟೇ.”

“ಅಡ್ಡಿಲ್ಲೆ. ಉಳಿದಿದ್ದು ನಾಳೆ ಮಾಡು.”

“ನಾಳೆ ಮಂಗಳವಾರ. ಕ್ಷೌರ ಇಲ್ಲೆ.”

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಯೋಚಿಸಿದ. “ಹಂಗಾರೆ ಬುಧವಾರ” ಎಂದು ಅಂಗಳಕ್ಕೆ ಇಳಿದ. ಗೇಟಿನ ಹತ್ತಿರ ಹೋದವ ತಿರುಗಿ, “ನಾಳೆ ಸುಮ್ಮಂಗೆ ಬರ್ತೆ” ಎಂದ.

ಮಂಗಳವಾರ ಬೆಳಿಗ್ಗೆ ಬಂದ. ಒಂದು ಕೆನ್ನೆ ನುಣುಪು, ಒಂದು ಕೆನ್ನೆ ಪೊದೆ, ಕೈಯಲ್ಲಿ ಪೇಪರು. ನಮ್ಮ ಮನೆಯ ಪೇಪರು ಆಗಲೇ ಬಂದು ನನ್ನ ತೊಡೆಯ ಮೇಲೆ ಇತ್ತು. ಗೇಟಿನ ಸದ್ದು ಕೇಳಿದ್ದೇ ಅದನ್ನು ಮಡಚಿ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ಕೂತುಬಿಟ್ಟೆ.

“ಎಂಗಳ ಪೇಪರು ಇನ್ನೂ ಬಂಜಿಲ್ಲೆ” ಎಂದೆ. “ನೀನು ಓದಿ ಕೊಡು.”